ಬಾಟ್ಲಿ ಮೇಲಿನ ಹಳೇ ಹೆಸ್ರು

ಅಮ್ಮಂಗೆ ಜ್ವರ ಬಂದ್ ಆರನೇ ದಿನ ಗೊಬ್ಬರದ ಬಾಟ್ಲಿ ಲೇಬಲ್ ಸಮಾ ಓದ್ದೆ. ಅಲ್ಲಿವರೆಗೆ ಓದಿರ್ಲಿಲ್ಲ ಅಂಬುದೇ ನನ್ನ ಪೆದ್ದುತನ. ಒಳ್ಗಿಪ್ಪು ಬ್ಯಾಕ್ಟೀರಿಯಾದ ಹೆಸ್ರು ಬರ್ಕೋಲ್ಡೇರಿಯಾ ಅಂದೇಳಿ ಇತ್ತ್, ಅದ್ರ ಪಕ್ಕ ಇನ್ನೊಂದ್ ಉದ್ದದ ಹೆಸ್ರು.

ಭತ್ತದ ಬೇರಿಗೆ ಬಲ ಬತ್ತ್ ಅಂತ ಬ್ರಹ್ಮಾವರದ ಅಂಗಡಿಯಿಂದ ಅದನ್ನ ತಂದದ್ದ್ ನಾನೇ. ನಟ್ಟಿ ದಿನ ಬಾಲ್ದಿ ನೀರಿಗೆ ಕಲ್ಸಿ, "ಅಮ್ಮ, ಸಸಿ ಬೇರು ಇದ್ರಲ್ಲಿ ಅದ್ದಿ ನೆಡಿ" ಅಂದದ್ದೂ ನಾನೇ. ನಾ ಓದಿದ್ದ್ ಕಾಮರ್ಸ್. ಬ್ಯಾಕ್ಟೀರಿಯಾ ಬಗ್ಗೆ ಗೊತ್ತಿಪ್ಪುದೆಲ್ಲ ಫೋನಲ್ಲಿ ಓದಿ, ಒಂದ್ ಹಳೇ ಮೈಕ್ರೋಸ್ಕೋಪಲ್ಲಿ ಕಂಡ್ ಕಲ್ತದ್ದ್. ಅಮ್ಮ ನನ್ನ ಕರುದೇ "ಹುಳದ ಡಾಕ್ಟ್ರು".

ಬರ್ಕೋಲ್ಡೇರಿಯಾ ಅಂತ ಫೋನಲ್ಲಿ ಹುಡ್ಕಿದೆ. ಮೆಲಿಯೋಯ್ಡೋಸಿಸ್ ಅಂತ ಒಂದ್ ಕಾಯ್ಲೆ ಹೆಸ್ರು ಬಂತ್. ಗಾಯದಿಂದ ಒಳ್ಗ್ ಹೋತ್, ಸಕ್ರೆ ಕಾಯ್ಲೆ ಇದ್ದವ್ರಿಗೆ ಜಾಸ್ತಿ, ಮದ್ದ್ ತಡ ಆರೆ ಜೀವಕ್ಕೇ ಅಪಾಯ. ಅಮ್ಮಂಗೆ ಸಕ್ರೆ ಇತ್ತ್. ಹಿಮ್ಮಡಿ ಒಡ್ದ್ ರಕ್ತ ಬಪ್ಪುದನ್ನ ನಾನೇ ಕಂಡಿದ್ದೆ. ಸೋಪಲ್ಲಿ ಮೂರ್ ಸಲ ಕೈ ತೊಳ್ದೆ, ಎಂತಕ್ಕೆ ಅಂತ ಗೊತ್ತಿಲ್ಲ.

ಹೆಮ್ಮಾಡಿಯಿಂದ ಕುಂದಾಪ್ರಕ್ಕೆ ರಿಕ್ಷದಲ್ಲಿ ಹೋಪತಿಗೆ ಅಮ್ಮ ನನ್ನ ಹೆಗ್ಲಿಗೆ ಒರ್ಗಿದ್ರ್. ಮೈ ಕೆಂಡ. ಬಾಟ್ಲಿ ನನ್ನ ಚೀಲದಲ್ಲಿ. ಹೇಳ್ರೆ ಎಲ್ಲ್ರೂ ನನ್ನೇ ಬೈತ್ರ್, ಹೇಳ್ದಿರೆ ಅಮ್ಮ ಹೋತ್ರ್. ಇಡೀ ದಾರಿ ತಲೆಯಲ್ಲಿ ಇದೇ.

ಡಾಕ್ಟ್ರಮ್ಮ ಇಲಿಜ್ವರ ಇರ್ಲಕ್ಕ್ ಅಂದ್ ಚೀಟಿ ಬರೀತಾ ಇದ್ರ್. ಚೀಟಿ ಅರ್ಧ ಆಪತಿಗೆ ಬಾಟ್ಲಿ ತೆಗ್ದ್ ಮೇಜಿನ ಮೇಲೆ ಇಟ್ಟೆ.

"ಡಾಕ್ಟ್ರೇ, ನಾನೇ ಅಮ್ಮಂಗೆ ಕಾಯ್ಲೆ ಮಾಡಿದ್ದ್."

ಅವ್ರ್ ಲೇಬಲ್ ಓದಿ, ಫೋನಲ್ಲಿ ಎಂತದೋ ಹುಡ್ಕಿ, ನಗಾಡದ್ರ್. "ಇದ್ ಹಳೇ ಹೆಸ್ರು ಮಗಾ. ಆ ಕುಟುಂಬ ಈಗ ಪಾಲಾಯ್ತ್. ಗಿಡಕ್ಕೆ ಒಳ್ಳೇದ್ ಮಾಡುವ ಸುಮಾರನ್ನ ಬೇರೆ ಮಾಡಿ ಪ್ಯಾರಾಬರ್ಕೋಲ್ಡೇರಿಯಾ ಅಂತ ಹೆಸ್ರು ಇಟ್ಟಿದ್ರ್. ನಿನ್ ಬಾಟ್ಲಿದ್ದ್ ಆ ಪಾಲಿಂದ್. ಲೇಬಲ್ ಮಾತ್ರ ಬದ್ಲಾಯ್ಲಿಲ್ಲ."

ಅಮ್ಮ ಕಣ್ಣ್ ಮುಚ್ಕಂಡೇ ಅಂದ್ರ್, "ಪಾಲಾರೆ ಎಂತ ಆಯ್ತ್? ಒಲೆ ಬೇರೆ, ರಕ್ತ ಒಂದೇ ಅಲ್ದಾ?"

ನಂಗೆ ಉಸ್ರು ಬಂತ್. ಅಷ್ಟ್ರಲ್ಲಿ ಡಾಕ್ಟ್ರಮ್ಮನ ನಗಿ ನಿಂತ್ ಹೋಯ್ತ್.

"ಕಾಲ್ ತೋರ್ಸಿ ಅಮ್ಮ. ಗದ್ದಿಗೆ ಬೂಟ್ ಹಾಕ್ಕಂಬುದಿಲ್ಯಾ?"

"ಅನ್ನ ಕೊಡು ಗದ್ದಿನ ಮೆಟ್ಟ್ ಹಾಕ್ಕಂಡ್ ತುಳುದಾ? ಎಂತ ಹೇಳ್ತ್ರಿ ನೀವ್!"

ಅವ್ರ್ ನನ್ನ ಕಡೆ ತಿರ್ಗದ್ರ್. "ಕಾಯ್ಲೆ ಮಾಡುವ ಕೆಟ್ಟದ್ದ್ ಹಳೇ ಹೆಸ್ರಲ್ಲೇ ಉಳ್ಕಂಡಿತ್. ಅದಕ್ಕೆ ನಿನ್ ಬಾಟ್ಲಿ ಬೇಡ, ಮಳೆಗಾಲದ ಕೆಸ್ರಲ್ಲೇ ಇರತ್ತ್. ನೀ ಹೇಳಿದ್ದ್ ಒಳ್ಳೇದಾಯ್ತ್. ರಕ್ತ ಕಲ್ಚರ್ ಟೆಸ್ಟಿಗೆ ಕಳ್ಸುವ. ಮದ್ದ್ ಇವತ್ತೇ ಶುರು ಮಾಡ್ತೆ."

ರಿಪೋರ್ಟ್ ಬಪ್ಪುವರೆಗೆ ನಾ ಅಮ್ಮನ ಹೊಟ್ಟೆ ಏರುದು ಇಳುದು ಕಾಣ್ತಾ ಕೂಕಂಡಿದ್ದೆ. ಬಂತ್. ಅದೇ. ಹಳೇ ಹೆಸ್ರಲ್ಲಿ ಉಳ್ದದ್ದೇ.

ಆಸ್ಪತ್ರೆಯಲ್ಲೇ ಇದ್ದ್ ದಿನಾ ಇಂಜೆಕ್ಷನ್. ಜ್ವರ ಬಿಡುಕೆ ವಾರದ ಮೇಲೆ ಬೇಕಾಯ್ತ್. ಬಿಟ್ಟ ದಿನ ನನ್ನ ಕಣ್ಣಲ್ಲಿ ನೀರ್ ಕಂಡ್ ಅಮ್ಮ ಕೇಂಡ್ರ್, "ಬಾಟ್ಲಿದ್ದ್ ಅಲ್ಲ ಅಂದ್ರಲೆ, ಮತ್ತೆಂತಕ್ಕೆ ಮರ್ಕುದ್ ಹೆಣ್ಣೆ?"

ಬಾಟ್ಲಿ ಆದ್ರೆ ಬಿಸಾಡ್ಲಕ್ಕಿತ್ತ್. ಗದ್ದಿ ನಮ್ಮನೆ ಬಾಗ್ಲ್ ಎದ್ರೇ ಇತ್ತ್.

ಈಗ ಅಮ್ಮ ಮನೇಲಿದ್ರ್, ಮಾತ್ರೆ ಇನ್ನೂ ತಿಂಗ್ಳುಗಟ್ಲೆ ಇತ್ತ್. ನಿನ್ನೆ ಚಾ ಮಾಡಿ ಹೊರ್ಗ್ ಬಂದ್ ಕಂಡ್ರೆ, ಪೈರು ಕಾಂಬುಕೆ ಅಂತ ಬರಿಗಾಲಲ್ಲಿ ಹೋಯ್ ನಿಂತಿದ್ರ್.

"ಹ್ವಾಯ್ ಅಮ್ಮ! ಕಾಲ್!"

"ಕೂಗ್ಬೇಡ ಮಾರಾಯ್ತಿ, ಗದ್ದಿಗೆ ಇಳಿಲಿಲ್ಲ, ಅಂಚಲ್ಲೇ ನಿಂತದ್ದ್."

ಮೊನ್ನೆ ಮಳೆಗೆ ಅಂಚೂ ಕೆಸ್ರೇ ಆಗಿತ್ತ್.