ಗೋಡೆಯ ತುಂಬ ಅವ್ವನ ಕೈಗಳು

ಪ್ರೊಜೆಕ್ಟರ್ ಹಚ್ಚಿದ ಕೂಡಲೇ ಬೈಲಹೊಂಗಲದ ನಮ್ಮ ಚರ್ಚಿನ ಗೋಡೆಯ ತುಂಬ ಜೋಳದ ರೊಟ್ಟಿ ಬಡಿಯುವ ಎರಡು ಕೈಗಳು ಕಾಣಿಸಿದವು. ಅವು ನನ್ನ ಅವ್ವನ ಕೈಗಳು. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ನಾನೇ ಹಿಂದಿನ ದಿನ ತೆಗೆದ ಫೋಟೊ. ಆ ಭಾನುವಾರ ಪಾಸ್ಟರ ಪ್ರಸಂಗ, ಅಂದರೆ ಉಪದೇಶ, 'ಅನುದಿನದ ಆಹಾರ'ದ ಬಗ್ಗೆ ಇತ್ತು. ಅದುವರೆಗೆ ಪ್ರತಿ ಪ್ರಸಂಗಕ್ಕೂ ಸಿ.ಡಿ.ಯಲ್ಲಿದ್ದ ಪರದೇಶದ ಚಿತ್ರಗಳನ್ನೇ ಹಾಕುತ್ತಿದ್ದ ನಾನು, ಈ ಸಲ ಅವ್ವನ ಫೋಟೊದ ಮೇಲೆ ಕಂಪ್ಯೂಟರಿನಲ್ಲಿ ಬೈಬಲ್ ವಚನ ಕೂರಿಸಿದ್ದೆ. ಗೋಡೆಯ ಮೇಲೆ ತೋರಿಸುತ್ತೇನೆಂದು ಆಕೆಗೆ ಹೇಳಿರಲಿಲ್ಲ. ಒಲೆಯಲ್ಲಿ ಸುಟ್ಟ ಕಲೆಗಳಿದ್ದ ಆ ಕೈಗಳನ್ನು ಅವ್ವ ನಾಲ್ಕು ಜನರೆದುರು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಸಿಟ್ಟಾಗುತ್ತಾಳೇನೋ ಎಂದು ಆಕೆಯತ್ತ ತಿರುಗಿ ನೋಡಿದೆ.

ಪಾಸ್ಟರು ಪ್ರಸಂಗ ನಿಲ್ಲಿಸಿ, "ಯಾರ ಕೈರಿ ಇವು?" ಎಂದು ಕೇಳಿದರು.

ಹಿಂದಿನ ಸಾಲಿನಲ್ಲಿದ್ದ ಅವ್ವ ಎದ್ದು ನಿಂತು ಎರಡೂ ಕೈ ಮೇಲೆತ್ತಿದಳು. "ನನ್ನ ಕೈರಿ ಅವು. ಇಷ್ಟ ಚಂದ ಅದಾವಂತ ನನಗೂ ಗೊತ್ತಿರಲಿಲ್ರಿ," ಎಂದಳು. ಇಡೀ ಸಭೆ ಚಪ್ಪಾಳೆ ತಟ್ಟಿತು.

ಹೊರಗೆ ಬಂದಾಗ ಜನ ನನ್ನನ್ನು ಮುತ್ತಿಕೊಂಡರು. ಬೈಬಲ್ಲಿನ ಬಿತ್ತುವವನ ಕಥೆಗೆ ತಮ್ಮ ಕೂರಿಗೆಯ, ಕಳೆದುಹೋದ ಕುರಿಯ ಕಥೆಗೆ ತಮ್ಮ ಕುರಿಯ ಫೋಟೊ ತೆಗೆಯಬೇಕೆಂದು ಒಬ್ಬೊಬ್ಬರೂ ಮನೆಗೆ ಕರೆದರು. ಮುಂದಿನ ಭಾನುವಾರ ಯಾವಾಗ ಬರುತ್ತದೋ ಎಂದು ನಾನು ಕಾಯತೊಡಗಿದೆ.