ಪರರ ಡಬ್ಬಗಳು ತುಂಬಿದ್ದ ಫ್ರಿಜ್

ಡಚ್ಚರ ನಾಡಿನ ಆಲ್ಮೆರೆ ಎಂಬ ಊರಿನ ಆ ಮನೆಯ ಬಗ್ಗೆ ನಾನು ಎರಡು ಕಥೆ ಕೇಳಿದ್ದೆ, ಎರಡನ್ನೂ ನಂಬಿರಲಿಲ್ಲ. ಗಂಡನ ಮನೆ ಬಿಟ್ಟು ನೆಲೆಯಿಲ್ಲದಾದ ತಾಯಂದಿರನ್ನು ಸರಕಾರ ಅಲ್ಲಿ ಕೂರಿಸಿ ಸಾಕುತ್ತದೆ ಎಂಬುದು ಮೊದಲನೆಯದು. ಅಲ್ಲಿನ ಡಚ್ ಮೇಲ್ವಿಚಾರಕಿಗೆ ನಮ್ಮ ಕನ್ನಡದವರ ಪ್ರೀತಿ ಕಂಡರಾಗದು, ನಾವು ಒಯ್ಯುವ ಊಟಕ್ಕೂ ಅಡ್ಡ ಬರುತ್ತಾಳೆ ಎಂಬುದು ಎರಡನೆಯದು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಕಣ್ಣಾರೆ ಕಾಣದ್ದನ್ನು ಒಪ್ಪುವ ಅಭ್ಯಾಸವಿಲ್ಲ. ಒಂದು ಗುರುವಾರ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿರುವ ಮಗಳ ಮನೆಯಿಂದ ಒಂದು ಡಬ್ಬ ಹುಳಿ ಹಿಡಿದು ಹೊರಟೆ.

ಅಲ್ಲಿ ಮೂವರು ತಾಯಂದಿರಿದ್ದರು. ಒಬ್ಬೊಬ್ಬರಿಗೂ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ನಾನು ನೋಡಹೋದವಳು ಉಡುಪಿ ಕಡೆಯವಳು, ಜೊತೆಗೆ ಆರು ವರ್ಷದ ಮಗಳು. ಮಗುವಿನ ಶಾಲೆ, ಕಚೇರಿಯ ಪತ್ರಗಳು, ಅಡುಗೆ, ಕೆಲಸ ಎಲ್ಲವನ್ನೂ ತಾಯಿ ತಾನೇ ನಿಭಾಯಿಸುತ್ತಾಳೆಯೇ ಎಂದು ಮೇಲ್ವಿಚಾರಕಿ ವಾರವಾರ ನೋಡಿ ಬರೆದಿಡುತ್ತಾಳೆ. ವರದಿ ಒಪ್ಪಿಗೆಯಾದರೆ ಸ್ವತಂತ್ರ ಬಾಡಿಗೆ ಮನೆಗೆ ಶಿಫಾರಸು. ಇಲ್ಲವಾದರೆ ಮತ್ತೆ ಆರು ತಿಂಗಳು ಅಲ್ಲೇ. ಕೂರಿಸಿ ಸಾಕುವ ಕಥೆ ಅಲ್ಲಿಗೆ ಮುಗಿಯಿತು.

ಎರಡನೆಯದನ್ನು ಮೇಲ್ವಿಚಾರಕಿಯನ್ನೇ ಕೇಳಿದೆ. ನಿಘಂಟಿನಿಂದ ಕಲಿತ ನನ್ನ ಡಚ್ಚನ್ನು ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಊಟ ತರಬೇಡಿ ಎಂದು ತಾನು ಯಾರಿಗೂ ಹೇಳಿಲ್ಲ ಎಂದಳು. ಆಮೇಲೆ ತಾಯಿಯ ಅನುಮತಿ ಪಡೆದು ಫ್ರಿಜ್ ತೆರೆದಳು. ತುಂಬ ಸ್ಟೀಲ್ ಡಬ್ಬಗಳು, ಮುಚ್ಚಳಗಳ ಮೇಲೆ ಬೇರೆ ಬೇರೆ ಮನೆಗಳ ಹೆಸರು. ಪಕ್ಕದಲ್ಲಿ ಒಲೆ ಹೊಸದರಂತೆ ಹೊಳೆಯುತ್ತಿತ್ತು. ಕಂಡದ್ದನ್ನಷ್ಟೇ ತಾನು ಬರೆಯಬಲ್ಲೆ, ಈಕೆ ಅಡುಗೆ ಮಾಡಿದ್ದನ್ನು ಕಂಡಿಲ್ಲ, ಮುಂದಿನ ಗುರುವಾರ ಕೊನೆಯ ವರದಿ ಎಂದಳು.

ಅವಳು ಹೋದ ಮೇಲೆ ತಾಯಿಯನ್ನು ಕೇಳಿದೆ, "ನಿಂಗೆ ಅಡುಗೆ ಬರಲ್ವೇನಮ್ಮ?"

"ಬರ್ತದೆ ಅಮ್ಮ. ಹಿರಿಯರು ತಂದದ್ದು ಬೇಡ ಅಂತ ಹೇಗೆ ಹೇಳುದು? ಚೆಲ್ಲಲಿಕ್ಕೆ ಮನಸ್ಸಾಗುದಿಲ್ಲ. ತಿಂದು ಮುಗಿಸುವಾಗ ಇನ್ನೊಂದು ಡಬ್ಬ ಬಂದಿರ್ತದೆ."

"ಹಾಗಾದ್ರೆ ನನ್ನಿಂದ್ಲೇ ಶುರು ಮಾಡು. ಬೇಡ ಅನ್ನು."

"ಹೇಳಿದ್ರೆ ಕೇಳುವವರಾ ನೀವು?" ಎಂದು ನಕ್ಕು, ಹುಳಿಯ ಡಬ್ಬವನ್ನು ನನ್ನ ಕೈಗೇ ಇಟ್ಟಳು.

ಹೇಳಿಕೊಟ್ಟವಳು ನಾನೇ ಆದರೂ ಮುಖ ಸಣ್ಣಗಾಯಿತು. ಆ ವಾರ ಅವಳು ಡಬ್ಬ ಕಳಿಸುವ ಮನೆಗಳಿಗೆಲ್ಲ ತಾನೇ ಫೋನ್ ಮಾಡಿದಳು. ಇಬ್ಬರು ಮುನಿಸಿಕೊಂಡರು. ಡಚ್ಚಿನವಳು ಹುಡುಗಿಯ ತಲೆ ಕೆಡಿಸಿದ್ದಾಳೆ ಎಂದು ಇನ್ನೊಬ್ಬರು ನನಗೇ ವಿವರಿಸಿದರು. ಆ ಕಥೆ ಇನ್ನೂ ಓಡಾಡುತ್ತಿದೆ.

ಮುಂದಿನ ಗುರುವಾರ ನಾನೂ ಹೋದೆ. ಒಲೆಯ ಮೇಲೆ ತೊವ್ವೆ ಕುದಿಯುತ್ತಿತ್ತು. ಮಗು ಒಂದು ತುತ್ತು ತಿಂದು, ಉಪ್ಪೇ ಇಲ್ಲವೆಂದು ಡಚ್ಚಿನಲ್ಲಿ ಮೇಲ್ವಿಚಾರಕಿಗೆ ದೂರು ಹೇಳಿತು. ತಾಯಿ ಕೆಂಪಾದಳು, ಎದ್ದು ಉಪ್ಪು ಹಾಕಿ, ರುಚಿ ನೋಡಿ, ಮತ್ತೆ ಬಡಿಸಿದಳು. ಮೇಲ್ವಿಚಾರಕಿ ಏನನ್ನೋ ಬರೆದುಕೊಂಡಳು.

ತಾಯಿಗೆ ಸ್ವತಂತ್ರ ಮನೆಯ ಶಿಫಾರಸು ಸಿಕ್ಕಿತು. ಉಪ್ಪಿನ ಸಂಗತಿ ವರದಿಯಲ್ಲಿ ಅವಳ ಪರವಾಗಿ ಸೇರಿತ್ತೋ ವಿರುದ್ಧವಾಗಿಯೋ ಎಂದು ತಿಳಿಯುವ ಆಸೆ ನನಗಿನ್ನೂ ಇದೆ.