ಅಣ್ಣನ ಸಿಟ್ಟಿನ ನೋಟ್‌ಬುಕ್

ನಮ್ಮಣ್ಣನ ತಲೆಗೆ ವಾರಕ್ಕೆ ಐದು ದಿನ ಕರೆಂಟ್ ಕೊಡುತ್ತಾರೆ ಎಂದರೆ ನನ್ನ ಗೆಳೆಯರು ಬಾಯಿ ಬಿಟ್ಟು ನೋಡುತ್ತಿದ್ದರು. ನಿಜ ಇಷ್ಟೇ: ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜು, ಹಣೆಗೊಂದು ರಬ್ಬರ್ ಪಟ್ಟಿ, ಇರುವೆ ಹರಿದಷ್ಟು ಚುರುಚುರು. ಇದರಿಂದ ಸಿಟ್ಟು ಇಳಿಯುತ್ತದೋ ಎಂದು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡುತ್ತಿದ್ದರು. ಭದ್ರಾವತಿಯಿಂದ ಅಣ್ಣ ತಾನಾಗಿಯೇ ಹೋಗುತ್ತಿದ್ದ. ಅತ್ತಿಗೆಯ ಮೇಲೆ ಅವನು ಕೈ ಎತ್ತಿದ ದಿನವೇ ಅವರು ಮಗುವನ್ನೆತ್ತಿಕೊಂಡು ಹೊಳಲೂರಿನ ತವರಿಗೆ ಹೋಗಿದ್ದರು. ಸಿಟ್ಟು ಇಳಿದಿದೆ ಎಂದು ಡಾಕ್ಟರ್ ಹೇಳಿದರೆ ಮಾತ್ರ ವಾಪಸ್ ಬರುತ್ತೇನೆ ಎಂದಿದ್ದರು.

ಮನೆಯಲ್ಲಿ ಅವನು ರೇಗಿದಾಗಲೆಲ್ಲ ಬರೆದಿಡಲು ಆಸ್ಪತ್ರೆಯವರು ಒಂದು ನೋಟ್‌ಬುಕ್ ಕೊಟ್ಟಿದ್ದರು. ಅಮ್ಮನಿಗೆ ಕಣ್ಣು ಮಂಜು. ಕೆಲಸ ನನ್ನ ಪಾಲಿಗೆ ಬಂತು.

ಅಣ್ಣ ಟೀವಿ ರಿಮೋಟನ್ನು ಕೊಂಚ ಜೋರಾಗಿ ಇಟ್ಟ. ನಾನು ಬರೆದೆ: ರಿಮೋಟ್ ಫ್ಯಾನಿಗೆ ಬಡಿದು ತಿರುಗಿ ಅವನ ತಲೆಗೇ ಬಿತ್ತು. ದೋಸೆ ಸೀದಿದ್ದಕ್ಕೆ "ಏನಮ್ಮ ಇದು" ಎಂದು ತಟ್ಟೆ ಸರಿಸಿದ. ನಾನು ಬರೆದೆ: ತಟ್ಟೆ ಪಕ್ಕದ ಕ್ವಾರ್ಟರ್ಸಿಗೆ ಹಾರಿತು, ದೋಸೆ ತಿಂದ ನಾಯಿ ಊರು ಬಿಟ್ಟಿತು. ಸಂಜೆ ನ್ಯೂ ಟೌನಿನ ಮೈದಾನದಲ್ಲಿ ಗೆಳೆಯರಿಗೆ ಅದನ್ನೇ ಓದುತ್ತಿದ್ದೆ. "ಇನ್ನೊಂದ್ ಓದೋ ಮಾರಾಯ" ಎನ್ನುತ್ತಿದ್ದರು. ಏನೂ ನಡೆಯದ ದಿನ ಪುಸ್ತಕದಲ್ಲಿ ನಾನೇ ನಡೆಸುತ್ತಿದ್ದೆ.

ಕರೆಂಟಿನ ಕೊನೆಯ ದಿನ ಅತ್ತಿಗೆಯೂ ಬಂದಿದ್ದರು. ಡಾಕ್ಟರ್ ನಾನು ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತ ಪುಟ ತಿರುವಿದರು. ನಗಲಿಲ್ಲ.

"ಹುಡುಗ ಸ್ವಲ್ಪ ಹೆಚ್ಚು ಮಾಡಿ ಬರ್ದಿರಬಹುದು. ಆದ್ರೂ ದಿನಾ ಒಂದಿದೆಯಲ್ಲಮ್ಮ. ಮೊದಲಿಗಿಂತ ಜಾಸ್ತಿನೇ ಆಗಿದೆ."

ಅಣ್ಣ ನನ್ನ ಕಡೆ ನೋಡಿದ. ಮೊದಲಾಗಿದ್ದರೆ ನನ್ನ ಕೆನ್ನೆ ಉಳಿಯುತ್ತಿರಲಿಲ್ಲ. ಈಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಅತ್ತಿಗೆ ಮಗುವಿಗೆ ಟೋಪಿ ಕಟ್ಟತೊಡಗಿದಾಗ ನಾನು ಬಾಯಿ ಬಿಟ್ಟೆ.

"ಅತ್ತಿಗೆ, ಅದೆಲ್ಲ ಸುಳ್ಳು. ಫ್ರೆಂಡ್ಸ್ ನಗ್ಲಿ ಅಂತ ಬರ್ದಿದ್ದು. ಅಣ್ಣ ಏನೂ ಎಸ್ದಿಲ್ಲ."

"ಈಗ ಹೇಳ್ತಿರೋದು ನಿಜ ಅಂತ ಹೆಂಗ್ ನಂಬ್ಲಿ?" ಎಂದರು ಅತ್ತಿಗೆ. "ನಿಂಗೆ ನಗು. ಮಗು ಇಟ್ಕೊಂಡು ಆ ಮನೇಲಿ ಮಲಗ್ಬೇಕಾದೋಳು ನಾನು."

ಡಾಕ್ಟರ್ ಪ್ರತಿ ಪುಟಕ್ಕೂ ಅಡ್ಡಗೆರೆ ಎಳೆದರು. ಇದನ್ನು ನಂಬಿ ಯಾವುದನ್ನೂ ಹೇಳಲಾಗದು, ಸಿಟ್ಟು ಇಳಿದಿದೆ ಎಂದೂ ಹೇಳಲಾಗದು ಎಂದರು. ಅತ್ತಿಗೆ ಹೊಳಲೂರಿನ ಬಸ್ ಹತ್ತಿದರು.

ನಾವು ಭದ್ರಾವತಿ ಬಸ್ಸಿನಲ್ಲಿ ಕುಳಿತೆವು. ಟಿಕೆಟನ್ನು ಜೇಬಿಗಿಟ್ಟುಕೊಳ್ಳುತ್ತ ಅಣ್ಣ ಕೇಳಿದ, "ಆ ನಾಯಿ ಯಾವೂರಿಗೆ ಹೋಯ್ತೋ?"

ನನಗೆ ಹತ್ತು ಉತ್ತರ ಹೊಳೆದವು. ಹತ್ತೂ ಸುಳ್ಳೇ. ಅವನ ಹಣೆಯ ಮೇಲೆ ಸ್ಪಂಜಿನ ಗುರುತು ಇನ್ನೂ ಕೆಂಪಗಿತ್ತು.